ತೊಂಬತ್ತೆರಡು

ನಾಲ್ಕನೇ ಸಲ ಬಂದಿದ್ದೇನೆ ಈ ಮನೆಗೆ.
ಕಲಬುರಗಿಯ ಗಂಜ್ ಹಿಂದಿನ ಓಣಿ, ದಾಲ್ ಮಿಲ್ಲಿನ ಗೋಡೆಗೆ
ಬೆನ್ನು ಹಚ್ಚಿ ಕೂತ ಎರಡು ಖೋಲಿ,
ಅಂಗಳದ ತುಂಬ ತೊಗರಿ ಹೊಟ್ಟಿನ ಧೂಳು.
ಮೂರು ತಿಂಗಳಿಗೊಮ್ಮೆ ಅದೇ ಬಾಗಿಲು, ಅದೇ ಪ್ರಶ್ನೆ:
ಹೋದ ಏಳು ದಿನದಲ್ಲಿ ಒಂದು ತಾಸಾದರೂ
ಕೆಲಸ ಮಾಡಿದ್ದೀರಾ?

"ಎಲ್ಲೀ ಕೆಲಸರೀ ಅಕ್ಕೋರ, ಮನ್ಯಾಗ ಕುಂತೀನಿ"
ಅನ್ನುತ್ತಾಳೆ ಸೂಗಮ್ಮ.
ಕುಂತಿಲ್ಲ.
ಒಂದು ಕೈ ಹಿಟ್ಟಿನಲ್ಲಿ, ಒಂದು ಕೈ ಹಂಚಿನ ಮೇಲೆ,
ಮೊಣಕಾಲಿನ ಪಕ್ಕ ಎತ್ತರವಾಗುತ್ತಿರುವ ಜೋಳದ ರೊಟ್ಟಿಯ ಥಪ್ಪಿ.
ಟ್ಯಾಬ್ಲೆಟ್ಟಿನಲ್ಲಿ ನಾನು ಒತ್ತುತ್ತಾ ಬಂದದ್ದು
ಮನೆಗೆಲಸ ಮಾತ್ರ. ಸಂಕೇತ, ತೊಂಬತ್ತೆರಡು.

ಅವಳಜ್ಜಿ ಆಳಂದದ ಕಡೆಯ ಎರಿ ಹೊಲದಲ್ಲಿ ತೊಗರಿ ಕೊಯ್ದವಳು.
ಹಳೆಯ ಖಾನೇಸುಮಾರಿಯಲ್ಲಿ ಆಕೆ ದುಡಿಯುವವಳು,
ಕೂಲಿ ಮಾತ್ರ ಸೇರಿನಲ್ಲಿ.
ತಾಯಿ ಈ ಗೋಡೆಯಾಚೆ ಮರ ಹಿಡಿದು
ಬೇಳೆಯೊಳಗಿನ ಹರಳು ಆರಿಸಿದಳು,
ನಲವತ್ತು ಹೆಂಗಸರು ಸಾಲಾಗಿ.
ಆಮೇಲೊಂದು ಮಿಷನ್ ಬಂತು. ಅದಕ್ಕೆ ಕಣ್ಣಿದೆ ಅಂದರು,
ಕರಿ ಕಾಳು ಕಂಡರೆ ಉಫ್ ಅಂತ ಗಾಳಿ ಬಿಟ್ಟು ಆಚೆ ಒಗೆಯುತ್ತದೆ.
ನಲವತ್ತು ಜನರನ್ನೂ ಅದೇ ಗಾಳಿ ಒಗೆಯಿತು.
ಎಲ್ಲಿ ಬಿದ್ದರು? ಕೇಳುವ ಕಾಲಮ್ಮು ನನ್ನ ಬಳಿ ಇಲ್ಲ.
ಮಗಳು ಅಂಬಿಕಾ, ಡಿಗ್ರಿ ಎರಡನೇ ವರ್ಷ: ತೊಂಬತ್ತೊಂದು.
ಗಂಡ ಹಮಾಲ. ಅವನ ಬಗ್ಗೆ
ಎರಡು ಸಲ ಕೇಳುವ ಪ್ರಸಂಗವೇ ಬರುವುದಿಲ್ಲ.

ಆಫೀಸಿನ ಗೋಡೆಗೊಂದು ಚಾರ್ಟ್ ತೂಗಿದೆ,
ದೇಶದ ಹೆಂಗಸರ ದುಡಿಮೆಯ ಉದ್ದನೆಯ ಗೆರೆ,
ಕೆರೆಗಿಳಿದು ಮತ್ತೆ ದಂಡೆ ಹತ್ತುವ ಎಮ್ಮೆಯ ಹಾಗೆ.
ಸಾಹೇಬರು ಬೆರಳಿಟ್ಟು ಹೇಳಿದರು:
ಇಲ್ಲಿ ಹುಡುಗಿಯರು ಸಾಲಿಗೆ ಹೋದರು,
ಇಲ್ಲಿ ಮನೆಯಲ್ಲಿ ನಾಲ್ಕು ಕಾಸಾಯಿತು, ಹೆಂಗಸರು ಒಳಗುಳಿದರು,
ಇಲ್ಲಿ ನೋಡಮ್ಮ, ಮತ್ತೆ ಹೊರಗೆ ಬಂದರು.
ತಲೆಯಾಡಿಸಿದೆ.
ಆ ಗೆರೆಯ ಕೂದಲೆಳೆಯಷ್ಟು ತುಂಡು
ನನ್ನ ನಾಲಗೆಯ ಮೇಲಿದೆ ಎಂದು ಹೇಳಲಿಲ್ಲ.
ಮೇ ತಿಂಗಳು, ನಲವತ್ಮೂರು ಡಿಗ್ರಿ, ಇನ್ನೂ ಐದು ಮನೆ ಬಾಕಿ,
ಒಂದೇ ಸಲ ಕೇಳಿ ಎದ್ದರೆ ಗೆರೆ ಇಳಿಯುತ್ತದೆ.
ನೆರಳಿಗೆ ಕೂತು, ಚಾ ಕುಡಿದು,
ಇಷ್ಟು ರೊಟ್ಟಿ ಯಾರಿಗೆ ಎಂದರೆ, ಏರುತ್ತದೆ.

ಮೊದಲ ಸಲ ಟ್ಯಾಬ್ಲೆಟ್ ಹೊಸದು, ಕೈ ನಡುಗಿತು.
ಎರಡನೇ ಸಲ ಮಳೆ.
ಮೂರನೇ ಸಲ ಯಾಕೆ ಕೇಳಲಿಲ್ಲವೋ ನೆನಪಿಲ್ಲ.
ಇವತ್ತು ಕೇಳಿದೆ.

"ಖಾನಾವಳಿಗ್ರಿ. ದಿನಾ ನೂರಾ ಇಪ್ಪತ್ತು.
ಅದೇನ್ ಕೆಲಸರೀ, ರೊಟ್ಟಿ ಬಡಿಯೋದು?"
ಹೊಗೆಗೆ ಕಣ್ಣು ಕಿರಿದು ಮಾಡಿ ಅವಳೇ ಮತ್ತೆ,
"ನಿಮ್ದು ಯಾವ ನಂಬರ್ರೀ?"

ನನ್ನದು ಹನ್ನೊಂದು ತಿಂಗಳ ಕರಾರು,
ಮುಂದಿನ ತಿಂಗಳಿಗೆ ಮುಗಿಯುತ್ತದೆ.
ಹೋದ ವರ್ಷ ನಮ್ಮ ಮನೆಗೂ ಯಾರೋ ಬಂದಿದ್ದರು,
ನನ್ನ ಹಾಗೇ ಕೊರಳಿಗೆ ಗುರುತಿನ ಚೀಟಿ.
ಅತ್ತೆ ಅಂದರಂತೆ: "ಸೊಸಿ ಮನ್ಯಾಗೇ ಇರ್ತಾಳ."
ಆ ಹೊತ್ತು ನಾನು ಶಹಾಬಾದಿನಲ್ಲಿ
ಹದಿನಾಲ್ಕನೇ ಬಾಗಿಲು ಬಡಿಯುತ್ತಿದ್ದೆ.

ತೊಂಬತ್ತೆರಡು ಅಳಿಸಿ ಹನ್ನೊಂದು ಒತ್ತಿದೆ.
ಸ್ವಂತ ಉದ್ಯೋಗ ಅಂತ ಬಂದದ ನೋಡು, ಎಂದೆ.
"ಹಂಗಾರ ರೊಟ್ಟಿಗಿ ಒಂದ್ ರೂಪಾಯಿ ಹೆಚ್ಚ ಕೊಡ್ತಾನೇನ್ರಿ?"
ಇಲ್ಲ.
"ಹೋಗ್ಲಿ ಬಿಡ್ರಿ" ಎಂದು ಇನ್ನೊಂದು ಉಂಡೆ ತಟ್ಟಿದಳು.

ಓಣಿಯ ತುದಿಗೆ ಸೈಕಲ್ ಗಂಟೆ. ಖಾನಾವಳಿಯ ಹುಡುಗ.
ಅವಳು ಎಣಿಸತೊಡಗಿದಳು,
ರಾಶಿಯಲ್ಲಿ ಸೇರು ಅಳೆಯುವವರ ಹಾಗೆ, ಒಂದು ಅನ್ನದೆ,
ಲಾಭ, ಎರಡು, ಮೂರು, ನಾಕು...
ಈ ಮನೆ ನನ್ನ ಪಟ್ಟಿಯಿಂದ ಇವತ್ತಿಗೆ ಹೊರಗೆ.
ಬಿಸಿಲಿಗೆ ಕಾದ ಚಪ್ಪಲಿಯಲ್ಲಿ ಕಾಲಿಡುವಾಗ ಕೇಳಿಸಿತು,
ತೊಂಬತ್ತೆರಡು ಬಂತು,
ಅವಳು ಅಲ್ಲಿ ನಿಲ್ಲಲಿಲ್ಲ.