ಎಂಟರಲ್ಲಿ ಎಷ್ಟು

ಕೊಲಾಬಾ. ಬೆಳಗಿನ ಎಂಟೂವರೆಗೆ ಐದು ನಿಮಿಷ.
ಕಬ್ಬಿಣದ ಏಣಿ ಹತ್ತಿ ತಾರಸಿಗೆ ಬಂದು
ನಿಂತಲ್ಲೇ ಒಂದು ಸುತ್ತು ತಿರುಗುತ್ತೇನೆ.
ಮೊದಲು ಅರ್ಧ. ಅರ್ಧದಲ್ಲರ್ಧ. ಅದರಲ್ಲಿನ್ನರ್ಧ.
"ಪಾವು ಮುರಿದ ಹಾಗೆ ಮುರಿಯಬೇಕು ಆಕಾಶವನ್ನ,
ಚೂರು ಉದುರಬಾರದು" ಅಂತ ಕಲಿಸಿದವರು
ಕೇರ್ಸಾಸ್ಪ್ ಸಾಹೇಬರು,
ನಿವೃತ್ತಿಯ ದಿನ ಹಾರದ ಭಾರಕ್ಕೆ ಕತ್ತು ಬಗ್ಗಿದ್ದರೂ
ಹೊರಗೆ ಬಂದೊಡನೆ ಮೇಲೆ ನೋಡಿ
"ಐದು" ಅಂದು ಟ್ಯಾಕ್ಸಿ ಹತ್ತಿದವರು.

ಇವತ್ತು ಎಂಟರಲ್ಲಿ ಮೂರು.
ಕೆಳಗೆ ಹೂಕೋಸಿನಂಥ ಕ್ಯುಮುಲಸ್ ಎರಡು ಪಾಲು,
ಎಲ್ಲಕ್ಕೂ ಮೇಲೆ
ಯಾರೋ ಬಾಚಣಿಗೆಯಲ್ಲೇ ಬಿಟ್ಟುಹೋದ ನರೆಗೂದಲು, ಸಿರಸ್, ಒಂದು.
ಬರೆಯುವಾಗ ಹೂಕೋಸಿಲ್ಲ, ಬಾಚಣಿಗೆಯಿಲ್ಲ,
ಐದೈದು ಅಂಕಿಯ ಗುಂಪು ಅಷ್ಟೆ.
ಜಗತ್ತಿಗೆಲ್ಲ ಒಂದೇ ಭಾಷೆ ಇದು,
ವಿಶೇಷಣ ಬಳಸಿದರೆ ವಾಪಸು ಬರುತ್ತದೆ.

ಅಮಾವಾಸ್ಯೆಯ ಪಾಳಿಯಲ್ಲಿ ಮೋಡ ಎಣಿಸುವುದೆಂದರೆ
ಕಾಣೆಯಾದ ನಕ್ಷತ್ರ ಎಣಿಸುವುದು.
ಈ ಊರಲ್ಲಿ ಅವು ಮೊದಲೇ ಕಾಣೆ. ಹಾಗಾಗಿ
ಬೀದಿದೀಪಗಳು ಮೋಡದ ಹೊಟ್ಟೆಗೆ ಬಳಿದ
ಕಿತ್ತಳೆ ಬಣ್ಣ ನೋಡಿ ಲೆಕ್ಕ ಹಾಕುತ್ತೇವೆ.

ಪುಣೆಯಿಂದ ಇಳಾ ದೇವಧರಳ ಫೋನು.
ಅವಳ ಯಂತ್ರ ಭೂಮಿಯನ್ನು ಬರ್ಫಿಯ ಹಾಗೆ ಕೊಯ್ದಿಟ್ಟಿದೆ,
ಒಂದೊಂದು ಚೌಕ ಹನ್ನೆರಡು ಕಿಲೋಮೀಟರು.
"ನಿನ್ನ ಮೋಡ ನನ್ನ ಚೌಕಕ್ಕಿಂತ ಚಿಕ್ಕದು, ಕಾಣಲ್ಲ."
ಕಾಣದ್ದಕ್ಕೆ ಏನು ಮಾಡುತ್ತೀ?
"ಇಷ್ಟು ತೇವ, ಇಷ್ಟು ಕಾವು, ಇಷ್ಟು ಏರುಗಾಳಿ ಇದ್ದಲ್ಲಿ
ಇಷ್ಟು ಮೋಡ ಇರಲೇಬೇಕು ಅಂತ ನಂಬುತ್ತೀನಿ."
ಚೌಕದೊಳಗೆ ಎಲ್ಲಿ?
"ಅದೊಂದು ಕೇಳಬೇಡ."
ಆ ಚೌಕದೊಳಗೆ ನಾನಿದ್ದೇನೆ, ಏಣಿಯಿದೆ,
ಸಾಸೂನ್ ಡಾಕಿನಲ್ಲಿ ಮಂಜುಗಡ್ಡೆ ಒಡೆಯುವವರ ಸುತ್ತಿಗೆಯಿದೆ,
ಒಗೆದು ಹಾಕಿದ ಸಾವಿರ ಶಾಲಾ ಅಂಗಿಗಳಿವೆ.
ಎಲ್ಲ ಸೇರಿ ಒಂದು ಸಂಖ್ಯೆ.

ಇದೇ ದಿನವನ್ನು ಅವಳು ಇಪ್ಪತ್ತು ಸಲ ನಡೆಸುತ್ತಾಳೆ,
ಪ್ರತಿ ಸಲ ಕೂದಲೆಳೆಯಷ್ಟು ಬೇರೆ ಆರಂಭ.
ಹನ್ನೆರಡು ದಿನಗಳಲ್ಲಿ ಮಳೆ. ಎಂಟರಲ್ಲಿ ಇಲ್ಲ.
ನಮಗೆ ಸಿಗುವುದು ಇಪ್ಪತ್ತೊಂದನೆಯದು.

ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ ಅಂತಿದ್ದಳು ನಮ್ಮವ್ವ.
ಇಲ್ಲಿ ಮಚ್ಛೀಮಾರ್ ನಗರದಲ್ಲಿ ಓಣಿಯೆಲ್ಲ ಬೊಂಬಿಲ,
ಬಾಯಿಗೆ ಬಾಯಿ ಸಿಕ್ಕಿಸಿ ಬಿದಿರಿಗೆ ನೇತುಬಿಟ್ಟ
ಹಂಗಾಮಿನ ಕೊನೆಯ ಮೀನು. ನಾಳಿದ್ದಿನಿಂದ ದೋಣಿ ದಡಕ್ಕೆ.
ಪಾಳಿ ಮುಗಿಸಿ ಬರುವಾಗ ಹೌಸಾ ನಾಖ್ವಾ ಅಡ್ಡ ಹಾಕಿದಳು:
"ತೆಗೀಲಾ, ಬಿಡಲಾ?"
ನೂರಕ್ಕೆ ಅರವತ್ತು ಬರಬಹುದು, ಮಾವಶಿ.
"ಹಾಗಂದರೆ?"
ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ
ಸೆರಗು ಸೊಂಟಕ್ಕೆ ಸಿಕ್ಕಿಸಿ, ಹತ್ತು ಗಳದಲ್ಲಿ
ಆರನ್ನು ಬರಿದು ಮಾಡತೊಡಗಿದ್ದಳು.
ನಾಲ್ಕನ್ನು ಹಾಗೇ ಬಿಟ್ಟಳು.
ಸಂಭವನೀಯತೆಯನ್ನು ಹೀಗೆ ಕೈಯಲ್ಲಿ ಹಿಡಿದವರನ್ನು
ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ರಾತ್ರಿ ಸಾಂತಾಕ್ರೂಜಿನಲ್ಲಿ ನಲವತ್ತೊಂದು ಮಿಲಿಮೀಟರು.
ಕೊಲಾಬಾದ ಮಾಪಕದಲ್ಲಿ ಒಂದು ಸತ್ತ ನೊಣ.
ಹೌಸಾಳ ನಾಲ್ಕು ಗಳ ಒಣಗಿದವು, ಆರು ಗಳದ ಮೀನು
ಒಳಗೆ ಬೆವೆತು ವಾಸನೆ ಹಿಡಿದವು.
ಬೈಯಲಿಲ್ಲ. "ನಿನ್ನ ಅರವತ್ತು ನಾರುತ್ತಿದೆ" ಅಂದಳು, ಅಷ್ಟೆ.
ಇಳಾಗೆ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು
"ಎಷ್ಟು ಕಿಲೋ?" ಅಂತ ಕೇಳಿದಳು.

ಜುಲೈ. ಛತ್ರಿ ಮಗುಚಿ ಮುಗಿಲಿಗೆ ಬಾಯಿ ತೆರೆದ ದಿನ.
ಏಣಿಯ ತುದಿಯಲ್ಲಿ ನಿಂತರೆ ಸಮುದ್ರವಿಲ್ಲ, ಮೋಡವಿಲ್ಲ,
ಕೈ ಚಾಚಿದರೆ ಕೈ ಇದೆಯೆಂಬುದಷ್ಟೇ ಖಾತ್ರಿ.
ಇಂಥ ದಿನಕ್ಕೆಂದೇ ಇರುವ ಅಂಕಿ ಒಂಬತ್ತು.
ಎಂಟರ ಮೇಲೊಂದು ಅಲ್ಲ ಅದು,
ಆಕಾಶ ಕಾಣುತ್ತಿಲ್ಲ ಅಂತ ಅರ್ಥ.
ಇಡೀ ಲಿಪಿಯಲ್ಲಿ ಮೋಡದ ಬಗ್ಗೆ ಅಲ್ಲದೆ
ನನ್ನ ಬಗ್ಗೆ ಇರುವ ಅಂಕಿ ಅದೊಂದೇ.
ಪೆನ್ಸಿಲಿನಲ್ಲಿ ಬರೆಯುತ್ತೇನೆ. ಈ ತಿಂಗಳು ಶಾಯಿ ನಿಲ್ಲುವುದಿಲ್ಲ.