ನೋಡೋಣ

ನಿಘಂಟಿನ ಕೊನೆಕೊನೆಗೆ,
ಯಾರ ಬೆರಳೂ ಕೊಳೆ ಮಾಡದ ಪುಟದಲ್ಲಿತ್ತು:
ವೆಲಿಯಿಟಿ.
ಹೊಸನಗರದ ಕಡೆಯ ಹುಡುಗಿ ರಮ್ಲತ್ ಕೇಳಿದಳು,
"ಹಾಗಂದರೇನು ಸಾರ್?"

"ಆಸೆಯೇ ಕಣಮ್ಮ, ಆದರೆ
ಕುರ್ಚಿ ಬಿಟ್ಟು ಏಳದ ಆಸೆ" ಎಂದೆ.
ಬರೆದುಕೊಂಡಳು.
"ಒಂದು ವಾಕ್ಯದಲ್ಲಿ ಬಳಸಿ, ಸಾರ್."

ವಾಕ್ಯವೇ?
ಕೋರ್ಪಳಯ್ಯನ ಛತ್ರದ ಮೆಟ್ಟಿಲಲ್ಲಿ
ಹನ್ನೊಂದು ಬೇಸಿಗೆಯಿಂದ ಪ್ಯಾಂಟು ಮಡಚಿ ಕೂರುತ್ತೇನೆ,
ಮಂಟಪದ ತನಕ ಈಜಬೇಕೆಂದು.
ತುಂಗೆ ನನ್ನ ಮೊಣಕಾಲು ನೋಡಿದ್ದಾಳೆ, ಅಷ್ಟೆ.
ಪಕ್ಕ ಕೂರುತ್ತಿದ್ದ ಹಾಲೇಶ, ಡಿಪೋದ ಮೆಕ್ಯಾನಿಕ್ಕು,
ಮಾತು ಬಿಟ್ಟು ನಾಲ್ಕು ವರ್ಷ.
ಮನೆ ವಿನೋಬನಗರದಲ್ಲೇ, ನಮ್ಮ ಹಿಂದಿನ ಕ್ರಾಸು.
ಅವನ ಗೇಟಿನ ಚಿಲಕ
ಯಾವ ಕಡೆಗೆ ತಿರುಗುತ್ತದೆಂಬುದೂ ಗೊತ್ತು ನನಗೆ.

ಇದನ್ನೆಲ್ಲ ಬೋರ್ಡಿನ ಮೇಲೆ ಬರೆಯಲಿಕ್ಕಾಗುತ್ತದೆಯೇ.
"ಬಳಕೆ ಕಮ್ಮಿ ಈ ಪದಕ್ಕೆ" ಎಂದು ಜಾರಿಕೊಂಡೆ.

ಅವಳು ಬಿಡಲಿಲ್ಲ:
"ನಮ್ಮಲ್ಲಿ ಬೇಕಾದಷ್ಟಿದೆಯಲ್ಲ ಸಾರ್!
ಹೊಲಿಗೆ ಮೆಷಿನ್ ಕೇಳಿದಾಗೆಲ್ಲ
ನಮ್ಮ ಅಬ್ಬ ಅನ್ನೋದು ಅದನ್ನೇ,
ನೋಡೋಣ."

ಮೂರೇ ಅಕ್ಷರ.
ನೋಡುವುದೂ ಇಲ್ಲ ಅದರೊಳಗೆ,
'ನಾವು' ಎಂದು ಜೊತೆಗೆ ಕರೆದವರೂ ಯಾರೂ ಇಲ್ಲ.
ಇಷ್ಟು ವರ್ಷ ಪಾಠ ಹೇಳಿ
ದಿನಕ್ಕೆ ಹತ್ತು ಸಲ ಆಡುವ ಮಾತಿಗೆ
ನಾನು ಲ್ಯಾಟಿನ್ನಿನ ಬೇರು ಹುಡುಕುತ್ತಿದ್ದೆ.

ಅವಳು ಕೊಟ್ಟ ಅರ್ಥವನ್ನು
ಗ್ರಂಥಾಲಯದ ಪ್ರತಿಯ ಅಂಚಿನಲ್ಲಿ
ಬರೆದಿಡಬೇಕು ಅನ್ನಿಸಿತು,
ಮುಂದೆ ಈ ಪುಟಕ್ಕೆ ಬರುವವರಿಗೆ ಆದೀತು.
ಪೆನ್ಸಿಲ್ಲು ಜೇಬಿನಲ್ಲೇ ಇತ್ತು,
ಬೆಳಿಗ್ಗೆಯಷ್ಟೇ ಚೂಪು ಮಾಡಿದ್ದು.

ಅಷ್ಟರಲ್ಲಿ ಬೆಲ್ಲು.