ತಳದ ಗೂಡು

ನಮ್ಮ ಶಿಡ್ಲಘಟ್ಟದಲ್ಲಿ ರೀಲು ಅಂದರೆ ಬೇರೆ.
ಬೇಸಿನ್ನಿನ ಕುದಿನೀರಿಂದ
ಎಂಟು ಗೂಡಿನ ಎಂಟು ಎಳೆ ಒಂದಾಗಿ
ಮೇಲೆ ತಿರುಗುವುದು.
ನನ್ನದು ಆ ರೀಲಲ್ಲ ಎಂದು ಅಮ್ಮಿಗೆ ತಿಳಿಸಲು
ಎರಡು ಸಂಜೆ ಹಿಡಿಯಿತು.
"ಫೋನಿನಲ್ಲಿ ಕುಣೀತಾರಲ್ಲ, ಅದಾ?"
ಅದೂ ಅಲ್ಲ ಅಮ್ಮಿ.
ಕಂಪ್ಯೂಟರಿನ ಚಿತ್ರಗೆಲಸ ಕೇಳಿ ಹೋಗುವವರು
ಮುಂದಿಡುವ ಮಾದರಿ ತಟ್ಟೆ.

ನಾಲ್ಕು ನಿಮಿಷ ಹತ್ತು ಸೆಕೆಂಡು.
ಮೊದಲ ಹನ್ನೆರಡು ಬರೀ ನನ್ನ ಹೆಸರು:
ಚಿನ್ನದ ಮೆಹರ್‌ತಾಜ್ ಗಿರಗಿರ ತಿರುಗಿ,
ಸಿಡಿದು, ಚೂರಾಗಿ, ಮತ್ತೆ ಕೂಡಿ,
ಮದುವೆ ವಿಡಿಯೋದ ಹಾಗೆ ಹೊಳೆದು.
ಆಮೇಲೆ ಡ್ರ್ಯಾಗನ್. ಆಮೇಲೊಂದು ಕಾರು,
ನಾನು ನೋಡದ ಯಾವುದೋ ಊರಿನ ಒದ್ದೆ ಬೀದಿಯಲ್ಲಿ.
ಆಮೇಲೆ ಓಡುವ ರೋಬೋಟು,
ಪಾದ ನೆಲಕ್ಕೆ ಊರದೆ ಜಾರುತ್ತದೆ,
ಎಣ್ಣೆ ಚೆಲ್ಲಿದ ಅಂಗಳದಲ್ಲಿ ನಡೆದ ಹಾಗೆ.
(ಗೊತ್ತಿತ್ತು ನನಗೆ.
ಅಲ್ಲಿಗೇ ಡೋಲಿನ ಸದ್ದು ಜೋರಾಗಿಟ್ಟಿದ್ದೆ.)

ಇಪ್ಪತ್ತಾರು ಕಡೆ ಕಳಿಸಿದೆ.
ಹೈದರಾಬಾದಿನಿಂದ ಒಂದೇ ಸಾಲು ಬಂತು:
ಆ ಡ್ರ್ಯಾಗನ್ನಿನಲ್ಲಿ ನೀವು ಮಾಡಿದ್ದು ಯಾವುದು?

ಉಗುರಿನ ಬಣ್ಣ.
ಉಳಿದದ್ದು ಪಾಠದ ಜೊತೆ ಬಿಟ್ಟಿ ಬಂದದ್ದು.
ಇನ್ನೂ ನೂರು ಜನರ ರೀಲಿನಲ್ಲಿ
ಅದೇ ರೆಕ್ಕೆ, ಅದೇ ಬಡಿತ.

ಭಾನುವಾರ ಲೆಕ್ಕಕ್ಕೆಂದು ಬಂದ ಗಂಗುಲಪ್ಪ ಮಾವ
ನಿಂತೇ ನೋಡಿದರು. ಮೂವತ್ತೊಂದು ವರ್ಷ
ಗೂಡಿನ ಮಾರುಕಟ್ಟೆಯಲ್ಲಿ ನಿಂತೇ ಅಭ್ಯಾಸ.
"ಒಂದು ಆನೆ ಆಕಮ್ಮಾ, ಎಲ್ರಿಗೂ ಇಷ್ಟ ಆಯ್ತದೆ."
ಅಬ್ಬು ನಕ್ಕರು. ಚಹಾ ಬಂತು. ಲೋಟ ಊದುತ್ತಾ,
ನನ್ನ ಕಡೆ ನೋಡದೆ,
"ಚೆನ್ನಾಗಿರೋದ್ನ ಮೇಲೆ ಅರಡೋಕೆ ಯಾರಿಗೆ ಬರಲ್ಲ?
ನಾನು ಕೈ ಆಕೋದು ತಳಕ್ಕೆ.
ಅಲ್ಲೊಂದು ಕೊಳ್ತಿರೋದು ಸಿಕ್ತು ಅನ್ಕೋ,
ಇಡೀ ಲಾಟಿಗೆ ಅದರದೇ ರೇಟು."

ರಾತ್ರಿ ಕೈ ಹಾಕಿದೆ.
ಮೂರು ತಿಂಗಳ ಡ್ರ್ಯಾಗನ್ ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು.
ಕಾರು. ರೋಬೋಟು. ಡೋಲು.
ನನ್ನ ಹೆಸರನ್ನು ಕತ್ತರಿಸುವಾಗ ಮಾತ್ರ
ಎದ್ದು ನೀರು ಕುಡಿದು ಬಂದೆ.
ಉಳಿದದ್ದು ಒಂಬತ್ತು ಸೆಕೆಂಡು:
ಕಿಟಕಿಯಲ್ಲಿಟ್ಟ ಸ್ಟೀಲಿನ ಚೊಂಬು,
ಅದರ ಹೊಟ್ಟೆಯಲ್ಲಿ ಸೊಟ್ಟಗೆ ನಮ್ಮ ಬೀದಿ.

ಮತ್ತೆ ಶುರು. ಈ ಸಲ ಬೇಸಿನ್.
ಅಮ್ಮಿ ಹೆಗಲ ಹಿಂದೆ ನಿಂತು,
"ನೀರು ಇಷ್ಟು ತಿಳೀನಾ? ಎರಡು ಗಂಟೆಗೆ ಚಹಾ ಆಗಿರುತ್ತೆ.
ಹಬೆ ನೆಟ್ಟಗೆ ಹೋಗಲ್ಲ, ಫ್ಯಾನು ಬಾಗಿಲ ಕಡೆ ಎಳೆಯುತ್ತೆ.
ನೂಲು ಮುಗೀತಾ ಬಂದ ಗೂಡು ತೆಳ್ಳಗಾಗಿ
ಒಳಗಿನ ಹುಳ ಕಪ್ಪಗೆ ಕಾಣಬೇಕು. ಎಲ್ಲಿ?"
ಆ ಒಂದು ಕಪ್ಪಿಗೆ ಹನ್ನೊಂದು ದಿನ.

ಕೈಗೆ ಇನ್ನೂ ಹೆಚ್ಚು.
ಇಪ್ಪತ್ತೆರಡು ವರ್ಷ ಆ ಕೈಯಿಂದ ಉಂಡವಳು
ಮೊದಲ ಸಲ ದೀಪ ಹಿಡಿದು ನೋಡಿದೆ:
ಬೆಂದು ಬಿಳಿಚಿದ ತುದಿಗಳು, ಗೆರೆ ಅಳಿಸಿದ ಹೆಬ್ಬೆಟ್ಟು.
ಪಡಿತರದ ಅಂಗಡಿಯ ಯಂತ್ರ
ಪ್ರತಿ ತಿಂಗಳೂ ಮೂರು ಸಲ ಒಲ್ಲೆ ಅನ್ನುವುದು ಇದಕ್ಕೇ.
ಗೆರೆಯಿಲ್ಲದ ಚರ್ಮ ಸುಲಭ ಅಂದುಕೊಂಡಿದ್ದೆ.
ನುಣುಪಾಗಿ ಬಿಟ್ಟರೆ ಅದು ಗೊಂಬೆಯ ಕೈ.

ಇನ್ನೂರ ಹನ್ನೆರಡನೇ ಚಿತ್ರಕ್ಕೆ ಕರೆಂಟು ಹೋಯಿತು.
ಯುಪಿಎಸ್ಸು ಹಸುಗೂಸಿನ ಹಾಗೆ ಅತ್ತು ಸುಮ್ಮನಾಯಿತು.
ಮತ್ತೆ ಮೊದಲಿಂದ.

ಈಗ ನಲವತ್ತೊಂದು ಸೆಕೆಂಡು. ಹಾಡಿಲ್ಲ.
ಕೊನೆಗೆ ಸಣ್ಣ ಅಕ್ಷರದಲ್ಲಿ ಹೆಸರು,
ಯಾವುದು ನಾನು ಮಾಡಿದ್ದು, ಯಾವುದು ಅಲ್ಲ.

ಅಮ್ಮಿ ನೋಡಿದಳು.
"ವಾಸನೆ ಒಂದಿಲ್ಲ. ಪುಣ್ಯ."

ಗಂಗುಲಪ್ಪ ಮಾವ ನೋಡಿದರು.
"ಆನೆ ಎಲ್ಲಿ?" ಅಂದರು.
ಅಂದು, ಕುರ್ಚಿ ಎಳೆದುಕೊಂಡು ಕೂತು,
ಇನ್ನೊಂದು ಸಲ ಹಾಕು ಅಂದರು.